ತರಗತಿಯಲ್ಲಿ ಹಬ್ಬುವ ಗಾಳಿಮಾತು

ಗಾಳಿಮಾತು, ಅಂದರೆ ನಿಜವೋ ಸುಳ್ಳೋ ಎಂದು ಪರಿಶೀಲಿಸದೆ ಬಾಯಿಂದ ಬಾಯಿಗೆ ದಾಟುವ ಸುದ್ದಿ, ಹಬ್ಬುತ್ತಾ ಹೋದಂತೆ ರೂಪವನ್ನೇ ಬದಲಿಸಿಕೊಳ್ಳುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹಲವು ವಿವರಗಳು ಉದುರಿಹೋಗಿ, ಉಳಿದ ಒಂದೆರಡು ಅಂಶಗಳು ಹರಿತಗೊಂಡು, ಕೊನೆಗೆ ಪ್ರತಿಯೊಬ್ಬ ಕೇಳುಗನೂ ಅದನ್ನು ತನ್ನ ಪೂರ್ವಗ್ರಹಕ್ಕೆ, ಎಂದರೆ ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡ ಅಭಿಪ್ರಾಯಕ್ಕೆ, ಹೊಂದಿಸಿಕೊಳ್ಳುತ್ತಾನೆ. ಆದ್ದರಿಂದ ‘ಅವಳು ನಿನ್ನ ಬಗ್ಗೆ ಹೀಗೆಂದಳು’ ಎಂದು ಸಹಪಾಠಿಯೊಬ್ಬರು ತಂದ ಮಾತು ಮೂಲದ ಮಾತೇ ಆಗಿರಬೇಕೆಂದಿಲ್ಲ.

ಪಂಚತಂತ್ರದ ಮಿತ್ರಭೇದ ಎಂಬ ಭಾಗದಲ್ಲಿ ದಮನಕನೆಂಬ ನರಿಯು ಸಿಂಹಕ್ಕೆ ಎತ್ತಿನ ಮೇಲೂ ಎತ್ತಿಗೆ ಸಿಂಹದ ಮೇಲೂ ಸಂಶಯ ಹುಟ್ಟಿಸಿದಾಗ, ಆ ಇಬ್ಬರು ಗೆಳೆಯರು ಪರಸ್ಪರ ಕೇಳಿ ತಿಳಿದುಕೊಳ್ಳದೆ ಕಾದಾಡಿದ್ದರಿಂದಲೇ ಎತ್ತು ಪ್ರಾಣ ಕಳೆದುಕೊಂಡಿತು. ಹೀಗಾಗದಿರಲು, ಸಂಶಯ ಬಂದ ವಿದ್ಯಾರ್ಥಿಯು ಸಂಬಂಧಪಟ್ಟವರನ್ನೇ, ಗುಂಪಿನ ನಡುವೆಯಲ್ಲ, ಏಕಾಂತದಲ್ಲಿ, ಆರೋಪದ ಧ್ವನಿಯಿಲ್ಲದೆ ಕೇಳುವುದು ಉತ್ತಮ. ಇದು ಕಷ್ಟದ ಕೆಲಸವೇ ಹೌದು, ಆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಬರೆಯುವುದಕ್ಕಿಂತ ಬಹಳ ಮೇಲು.

ಗಾಳಿಮಾತು ಒಬ್ಬರನ್ನು ಒಂಟಿಯಾಗಿಸುವ ಕಿರುಕುಳವಾದಾಗ ಶಿಕ್ಷಕರಿಗೆ ತಿಳಿಸುವುದನ್ನು ಚಾಡಿಯೆಂದು ಭಾವಿಸಬಾರದು, ಏಕೆಂದರೆ ಚಾಡಿಯ ಉದ್ದೇಶ ಕೆಡುಕು, ದೂರಿನ ಉದ್ದೇಶ ರಕ್ಷಣೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಹೇಳಿಕೊಳ್ಳಲಾಗದ ಮಕ್ಕಳಿಗೆ 1098 ಮಕ್ಕಳ ಸಹಾಯವಾಣಿಯು ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ.