ಹಳೆಯ ವ್ಯಾನುಗಳ ಅಚ್ಚಿನ ಬೋಲ್ಟುಗಳು ಸಡಿಲಿ ಮುರಿಯದಂತೆ ಮಾಡತಕ್ಕ ಉಪಾಯಗಳು

ರಾಯಚೂರು ತಾಲ್ಲೂಕಿನ ಚಂದ್ರಬಂಡ ಸೀಮೆಯ ಹತ್ತಿ, ತೊಗರಿಗಳೂ, ಮಾನ್ವಿ ಮತ್ತು ದೇವದುರ್ಗದ ಕಾಲುವೆ ಭೂಮಿಗಳ ಭತ್ತವೂ ರಾಯಚೂರಿನ ಮಾರುಕಟ್ಟೆಗೆ ಸೇರುವುದು ಈಗ ಬಹುಮಟ್ಟಿಗೆ ಮೋಟಾರು ವಾಹನಗಳಿಂದಲೇ. ಇವುಗಳಲ್ಲಿ ಬಹುಕಾಲ ದುಡಿದ ಹಳೆಯ ವ್ಯಾನುಗಳೂ ಉಂಟು. ಬಂಡಿಯ ಕಾಲದಲ್ಲಿ ಒಕ್ಕಲಿಗನು ಕಡಾಣಿಯನ್ನು ಮುಟ್ಟಿ ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕಿದ ಹೊರತು ಎತ್ತು ಹೂಡುತ್ತಿರಲಿಲ್ಲ. ಮೋಟಾರು ವಾಹನಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆಯು ಅವಶ್ಯಕವು. ಸುಗ್ಗಿಯಲ್ಲಿ ಅಚ್ಚಿನ ಬೋಲ್ಟುಗಳು ಮುರಿದು ತುಂಬಿದ ವಾಹನವು ದಾರಿಯಲ್ಲಿ ನಿಂತರೆ ಆಗುವ ನಷ್ಟವನ್ನು ಭೂಮಾಲಿಕರಿಗೆ ವಿವರಿಸಬೇಕಾದುದಿಲ್ಲ.

ಬೋಲ್ಟುಗಳ ಕೆಲಸ

ಇಂಜಿನಿನ ಬಲವು ಗೇರುಪೆಟ್ಟಿಗೆಯನ್ನೂ ಉದ್ದನೆಯ ಷಾಫ್ಟನ್ನೂ ದಾಟಿ ಹಿಂದಿನ ಡಿಫರೆನ್ಷಿಯಲ್ ಪೆಟ್ಟಿಗೆಗೆ ಬರುವುದು. ಅಲ್ಲಿಂದ ಎಡಬಲದ ಎರಡು ಅಚ್ಚುಗಳು ಅದನ್ನು ಚಕ್ರಗಳಿಗೆ ಮುಟ್ಟಿಸುವುವು. ಭಾರ ಹೊರುವ ಅನೇಕ ವಾಹನಗಳಲ್ಲಿ ಅಚ್ಚಿನ ತುದಿಗೆ ಫ್ಲ್ಯಾಂಜ್ ಎಂಬ ದುಂಡು ತಟ್ಟೆಯಿದ್ದು, ಅದನ್ನು ಚಕ್ರದ ಗುಂಬಕ್ಕೆ ಬೋಲ್ಟುಗಳಿಂದ ಬಿಗಿದಿರುವರು. ಈ ಲೇಖನವು ಮುಖ್ಯವಾಗಿ ಈ ಬೋಲ್ಟುಗಳನ್ನು ಕುರಿತದ್ದು.

ಬೋಲ್ಟುಗಳು ಗೂಟಗಳಂತೆ ನಿಂತು ಬಲವನ್ನು ತಡೆಯುವುವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಇದು ಸರಿಯಲ್ಲ. ಬಿಗಿದ ಬೋಲ್ಟು ಎಳೆದ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಉದ್ದವಾಗಿ, ಎರಡು ಲೋಹದ ಮುಖಗಳನ್ನು ಒಂದಕ್ಕೊಂದು ಅದುಮಿ ಹಿಡಿಯುವುದು. ಆ ಮುಖಗಳ ನಡುವಣ ತಿಕ್ಕಾಟವೇ ತಿರುಗಿಸುವ ಬಲದ ಮುಖ್ಯ ಭಾಗವನ್ನು ಸಾಗಿಸುತ್ತದೆ. ಬಿಗಿಯು ಕಡಿಮೆಯಾದೊಡನೆ ಮುಖಗಳು ಹಿಂದಕ್ಕೂ ಮುಂದಕ್ಕೂ ಸರಿಯತೊಡಗುವುವು. ಆಗ ಭಾರವೆಲ್ಲ ಬೋಲ್ಟಿನ ಮೇಲೆ ಅಡ್ಡಲಾಗಿ ಬೀಳುವುದು. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಹೇಗೆ ಮುರಿಯುವುದೋ ಹಾಗೆಯೇ ಬೋಲ್ಟಿನಲ್ಲಿ ಸಣ್ಣ ಬಿರುಕು ಹುಟ್ಟಿ, ಕಡೆಗೆ ತುಂಡಾಗುವುದು. ಒಂದು ಹೋದರೆ ಅದರ ಭಾರವು ಉಳಿದವುಗಳ ಮೇಲೆ ಬಿದ್ದು ಅವೂ ಸಾಲಾಗಿ ಹೋಗುವುವು. ಆದುದರಿಂದ ಸಾಮಾನ್ಯವಾಗಿ ಸಡಿಲುವುದು ಮೊದಲು, ಮುರಿಯುವುದು ಆಮೇಲೆ.

1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಇಂಜಿನಿಯರರು, ಅಡ್ಡಲಾಗಿ ಸರಿಯುವ ಚಲನೆಯೇ ಮರೆಯನ್ನು ಬಿಚ್ಚುವ ಪ್ರಬಲ ಕಾರಣವೆಂದು ಪ್ರಯೋಗದಿಂದ ತೋರಿಸಿದರು. ಇಂತಹ ಪರೀಕ್ಷೆಗಳಲ್ಲಿ ಸಾಮಾನ್ಯ ಸ್ಪ್ರಿಂಗ್ ವಾಷರು ಬೋಲ್ಟನ್ನು ಕಾಪಾಡಲಾರದೆಂದು ಕಂಡುಬಂದಿದೆ.

ಸಡಿಲುವುದಕ್ಕೆ ಕಾರಣಗಳು

ಮಿತಿಮೀರಿದ ಭಾರವೂ ಹೊಲದ ದಾರಿಯ ಏರುತಗ್ಗುಗಳೂ ಮೊದಲನೆಯ ಕಾರಣಗಳು. ಎರಡನೆಯದು, ಹಸಿ ಎರೆಮಣ್ಣಿನಲ್ಲಿ ಹೂತ ವಾಹನವನ್ನು ಕ್ಲಚ್ಚನ್ನು ಥಟ್ಟನೆ ಬಿಟ್ಟು ಹಿಂದೆ ಮುಂದೆ ಜಗ್ಗಿಸುವುದು. ಮೊದಲನೆಯ ಗೇರಿನಲ್ಲಿ ಇಂಜಿನಿನ ತಿರುಗುಬಲವು ಅನೇಕ ಪಟ್ಟು ಹೆಚ್ಚಿ ಅಚ್ಚಿಗೆ ತಲಪುವುದರಿಂದ ಪ್ರತಿಯೊಂದು ಜಗ್ಗಾಟವೂ ಸುತ್ತಿಗೆಯ ಏಟಿನಂತಾಗುವುದು. ಮೂರನೆಯದು, ಮುಖಗಳ ನಡುವೆ ಉಳಿದ ತುಕ್ಕು, ಬಣ್ಣ, ಹಳೆಯ ಪ್ಯಾಕಿಂಗು. ಇವು ಕ್ರಮೇಣ ಅದುಮಿಹೋಗಿ ಬಿಗಿಯನ್ನು ಕಳೆಯುವುವು. ನಾಲ್ಕನೆಯದು, ಹಿಗ್ಗಿಹೋದ ಹಳೆಯ ಬೋಲ್ಟುಗಳನ್ನೇ ಮತ್ತೆ ಹಾಕುವುದು.

ಮಾಡತಕ್ಕ ಕ್ರಮ

1. ಅಚ್ಚಿನ ತಟ್ಟೆಯನ್ನೂ ಗುಂಬದ ಮುಖವನ್ನೂ ಲೋಹವು ಹೊಳೆಯುವಂತೆ ಶುಚಿಮಾಡತಕ್ಕದ್ದು. ಬೋಲ್ಟಿನ ಮರೆಯನ್ನೂ ರಂಧ್ರದ ಮರೆಯನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ಎಣ್ಣೆ, ಗ್ರೀಸುಗಳನ್ನು ತೆಗೆಯಬೇಕು. ರಂಧ್ರಗಳು ಉದ್ದುದ್ದವಾಗಿ ಸವೆದಿದ್ದರೆ ಆ ಭಾಗವನ್ನೇ ಬದಲಾಯಿಸಬೇಕು.

2. ಒಂದು ಬೋಲ್ಟು ಮುರಿದರೂ ಆ ಬದಿಯವೆಲ್ಲವನ್ನೂ ಹೊಸದಾಗಿ ಹಾಕತಕ್ಕದ್ದು. ತಲೆಯ ಮೇಲೆ 8.8, 10.9 ಮುಂತಾದ ಅಂಕಿಗಳಿರುವುವು. ಮೊದಲನೆಯ ಅಂಕಿಯನ್ನು 100ರಿಂದ ಗುಣಿಸಿದರೆ ಒಂದು ಚದರ ಮಿಲ್ಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತವನ್ನು ತಡೆಯುವುದೆಂಬುದು ದೊರೆಯುವುದು. 10.9 ಇದ್ದಲ್ಲಿ 8.8 ಅಥವಾ ಅಂಕಿಯಿಲ್ಲದ ಬೋಲ್ಟನ್ನು ಹಾಕಲಾಗದು. ತಯಾರಕರು ಕೊಟ್ಟ ಕೋನಾಕಾರದ ವಾಷರುಗಳನ್ನು ಬಿಡಲಾಗದು.

3. ಬಿಗಿಯುವುದು ಅಳತೆಯಿಂದಲೇ ಆಗಬೇಕು. ಪಾನಾಕ್ಕೆ ಕೊಳವೆ ತೊಡಿಸಿ ಕೈಬಲದಿಂದ ತಿರುಗಿಸಿದರೆ ಬೋಲ್ಟು ಹಿಗ್ಗಿ ಕೆಡುವುದು. ಟಾರ್ಕ್ ಪಾನಾವನ್ನು ಉಪಯೋಗಿಸಿ, ವಾಹನದ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಎದುರುಬದುರಾಗಿ ಎರಡು ಮೂರು ಸುತ್ತುಗಳಲ್ಲಿ ಬಿಗಿಯತಕ್ಕದ್ದು. ತಿರುಗಿಸುವ ಬಲದಲ್ಲಿ ಸುಮಾರು ಅರ್ಧವು ತಲೆಯ ಕೆಳಗಿನ ತಿಕ್ಕಾಟಕ್ಕೂ, ಶೇಕಡಾ 40ರಷ್ಟು ಮರೆಯ ತಿಕ್ಕಾಟಕ್ಕೂ ಹೋಗಿ, ಬೋಲ್ಟನ್ನು ಎಳೆಯಲು ಉಳಿಯುವುದು ಶೇಕಡಾ 10 ಮಾತ್ರ. ಆದುದರಿಂದ ಒಣ ಮರೆಗೆ ಹೇಳಿದ ಅಳತೆಯನ್ನು ಎಣ್ಣೆ ಹಚ್ಚಿದ ಮರೆಗೆ ಅನ್ವಯಿಸಿದರೆ ಬೋಲ್ಟಿನ ಎಳೆತವು ಮಿತಿಮೀರಬಹುದು.

4. ಅಮೆರಿಕದ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರಜ್ಞರು 1953ರಲ್ಲಿ ಕಂಡುಹಿಡಿದ ಲಾಕ್‌ಟೈಟ್ ಜಾತಿಯ ದ್ರವವು, ಗಾಳಿಯಿಲ್ಲದೆ ಲೋಹಕ್ಕೆ ತಗುಲಿದಾಗ ಗಟ್ಟಿಯಾಗಿ ಮರೆಯನ್ನು ಹಿಡಿಯುವುದು. ಮುಂದೆ ಬಿಚ್ಚಬೇಕಾದ ಕಡೆಗೆ ಮಧ್ಯಮ ಬಲದ್ದು ತಕ್ಕುದು. ತಯಾರಕರ ಕೈಪಿಡಿಗೆ ವಿರೋಧವಿಲ್ಲದಿದ್ದರೆ ಇದನ್ನು ಬಳಸಬಹುದು. ಆದರೆ ಇದು ಬಿಗಿಗೆ ಬದಲಿಯಲ್ಲ.

5. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ತಟ್ಟೆಯವರೆಗೆ ಬಿಳಿಯ ಬಣ್ಣದಿಂದ ನೇರವಾದ ಗೆರೆ ಎಳೆಯತಕ್ಕದ್ದು. ಮೊದಲ 100 ಕಿಲೋಮೀಟರು ಓಡಿದ ಮೇಲೆಯೂ, ಸುಗ್ಗಿಯಲ್ಲಿ ವಾರಕ್ಕೊಮ್ಮೆಯೂ ಅದನ್ನು ನೋಡಬೇಕು. ಗೆರೆಯು ತಪ್ಪಿದ್ದರೆ ಮೇಲುಮೇಲೆ ತಿರುಗಿಸಿ ಬಿಡದೆ, ಬಿಚ್ಚಿ ಶುಚಿಮಾಡಿ ಮೊದಲಿನಿಂದ ಬಿಗಿಯತಕ್ಕದ್ದು.

ಅಪಾಯದ ಗುರುತುಗಳು

ತಟ್ಟೆಯ ಸುತ್ತ ಗೇರೆಣ್ಣೆ ಒಸರುವುದು, ಬೋಲ್ಟಿನ ಬುಡದಲ್ಲಿ ಕೆಂಪು ತುಕ್ಕಿನ ಪುಡಿ ಕಾಣುವುದು, ಹೊರಡುವಾಗ "ಟಕ್" ಎಂಬ ಸದ್ದಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಭಾರ ಹೇರಲಾಗದು. ಡಿಫರೆನ್ಷಿಯಲ್ಲಿನ ಸ್ವಭಾವದಿಂದ, ಒಂದು ಬದಿಯ ಅಚ್ಚಿನ ಸಂಬಂಧ ಕಡಿದರೆ ಸಾಮಾನ್ಯವಾಗಿ ಇನ್ನೊಂದು ಬದಿಗೂ ಬಲ ಹೋಗದು. ಏರಿನಲ್ಲಿ ಹೀಗಾದರೆ ಗೇರು ವಾಹನವನ್ನು ಹಿಡಿದು ನಿಲ್ಲಿಸಲಾರದು. ಬ್ರೇಕು ಹಾಕಿ ಚಕ್ರಗಳಿಗೆ ತಕ್ಷಣವೇ ಕಲ್ಲು ಕೊಡಬೇಕು. ಹತ್ತಿ ಬಿಡಿಸಲು ಹೋಗುವ ಕೂಲಿಯಾಳುಗಳನ್ನು ಸರಕಿನ ವಾಹನದ ಹಿಂಭಾಗದಲ್ಲಿ ತುಂಬಿ ಕಳುಹಿಸುವುದು ಕಾನೂನಿಗೂ ಸಲ್ಲದು, ಇಂತಹ ವೇಳೆಯಲ್ಲಿ ಪ್ರಾಣಕ್ಕೂ ಅಪಾಯ.

ಪ್ರತಿಯೊಬ್ಬರೂ ಟಾರ್ಕ್ ಪಾನಾವನ್ನು ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಗ್ರಾಮದ ಪ್ರಮುಖರು ಕೂಡಿ, ಇಲ್ಲವೆ ಸಹಕಾರ ಸಂಘದ ಮೂಲಕ, ಊರಿಗೊಂದನ್ನು ತರಿಸಿಟ್ಟರೆ ಸಾಕು. ಮಹಾನವಮಿಯಲ್ಲಿ ಆಯುಧಪೂಜೆಗಾಗಿ ವಾಹನಗಳನ್ನು ಹೇಗೂ ತೊಳೆಯುವರು. ಹತ್ತಿಯ ಸಾಗಣೆಯು ಭರದಿಂದ ನಡೆಯುವುದೂ ಅದರ ತರುವಾಯವೇ. ಆ ದಿನ ಹೂವು ಕುಂಕುಮಗಳನ್ನೇರಿಸುವ ಮುನ್ನ ಈ ಬೋಲ್ಟುಗಳನ್ನು ಪರೀಕ್ಷಿಸಿ ಗೆರೆ ಎಳೆಯುವ ಪದ್ಧತಿಯನ್ನು ಪ್ರತಿ ಗ್ರಾಮದಲ್ಲಿಯೂ ಇಟ್ಟುಕೊಳ್ಳುವುದು ಲೇಸು.