ಹಾರಾಟದ ಗಂಟೆಗಳ ಸಗಟು ಖರೀದಿ: ಕೆನಡಾದ ಏರ್ ಕೆಡೆಟ್ ಯೋಜನೆ

ವಿಮಾನವು ಹ್ಯಾಂಗರಿನಲ್ಲಿ ಸುಮ್ಮನೆ ನಿಂತಿದ್ದರೂ ಅದರ ಖರ್ಚು ನಿಲ್ಲುವುದಿಲ್ಲ. ವಿಮೆಯ ಕಂತು, ಹ್ಯಾಂಗರಿನ ಬಾಡಿಗೆ, ಬೋಧಕರ ಸಂಬಳ, ಸಾಲದ ಬಡ್ಡಿ ಇವು ತಪ್ಪದೆ ತೆರಬೇಕಾದವು. ಇಂಧನ ಹಾಗೂ ಗಂಟೆಗಳ ಲೆಕ್ಕದಲ್ಲಿ ನಡೆಯುವ ತಪಾಸಣೆಯ ವೆಚ್ಚ ಮಾತ್ರ ಹಾರಿದಷ್ಟು. ಈ ದೃಷ್ಟಿಯಿಂದ ಫ್ಲೈಯಿಂಗ್ ಕ್ಲಬ್ಬಿನ ವ್ಯವಹಾರವು ಲೇತ್ ಯಂತ್ರ ಹೂಡಿ ಜಾಬ್‌ವರ್ಕ್‌ಗಾಗಿ ಕಾಯುವ ಸಣ್ಣ ಕೈಗಾರಿಕೆಯ ವ್ಯವಹಾರಕ್ಕಿಂತ ಬೇರೆಯಲ್ಲ.

ಕೆನಡಾದಲ್ಲಿ ಇಂತಹ ಕ್ಲಬ್ಬುಗಳಿಗೆ ದೊರೆತ ಸಗಟು ಗಿರಾಕಿಯೆಂದರೆ ಏರ್ ಕೆಡೆಟ್ ಯೋಜನೆ. 1941ರಲ್ಲಿ ಸ್ಥಾಪಿತವಾದ ಏರ್ ಕೆಡೆಟ್ ಲೀಗ್ ಎಂಬ ನಾಗರಿಕ ಸಂಸ್ಥೆಯೂ ರಕ್ಷಣಾ ಇಲಾಖೆಯೂ ಕೂಡಿ ಇದನ್ನು ನಡೆಸುತ್ತವೆ. 12ರಿಂದ 18ರ ವಯೋಮಾನದ ಬಾಲಕ ಬಾಲಕಿಯರು ಇದರ ಸದಸ್ಯರು. ಪಾಠ, ಪರೀಕ್ಷೆ, ಸಂದರ್ಶನಗಳಲ್ಲಿ ತೇರ್ಗಡೆಯಾದ ಕೆಲವರಿಗೆ ಬೇಸಿಗೆಯಲ್ಲಿ ಖಾಸಗಿ ಪೈಲಟ್ ಪರವಾನಗಿಯ ತರಬೇತಿ ಉಚಿತವಾಗಿ ದೊರೆಯುತ್ತದೆ. ಗ್ಲೈಡರುಗಳನ್ನು ಲೀಗ್ ತಾನೇ ಹೊಂದಿದೆ. ಎಂಜಿನ್ ವಿಮಾನದ ತರಬೇತಿಯನ್ನಾದರೋ ಸ್ಥಳೀಯ ಕ್ಲಬ್ಬು ಮತ್ತು ಶಾಲೆಗಳಿಗೆ ಗುತ್ತಿಗೆ ಕೊಡಲಾಗುತ್ತದೆ.

ಅಲ್ಲಿ ಈ ಪರವಾನಗಿಗೆ ಕನಿಷ್ಠ 45 ಗಂಟೆಗಳ ತರಬೇತಿ ಬೇಕು. ಲೆಕ್ಕಕ್ಕಾಗಿ ಹೀಗೆ ಊಹಿಸೋಣ: ಒಂದು ಕ್ಲಬ್ಬಿನ ವಾರ್ಷಿಕ ಸ್ಥಿರ ವೆಚ್ಚ 36 ಲಕ್ಷ ರೂಪಾಯಿ, ಸದಸ್ಯರ ಹಾರಾಟ 450 ಗಂಟೆ. ಗಂಟೆಯೊಂದರ ಮೇಲೆ ಬೀಳುವ ಸ್ಥಿರ ವೆಚ್ಚ 8,000 ರೂಪಾಯಿ. ಹತ್ತು ಕೆಡೆಟ್‌ಗಳು ಬಂದು ಇನ್ನೂ 450 ಗಂಟೆ ಹಾರಿದರೆ ಅದು 4,000ಕ್ಕೆ ಇಳಿಯುತ್ತದೆ. ಸಗಟು ಗಿರಾಕಿಗೆ ದರದಲ್ಲಿ ರಿಯಾಯಿತಿ ಕೊಟ್ಟರೂ ಕ್ಲಬ್ಬಿಗೆ ಉಳಿತಾಯವಿದೆ.

ಆದರೆ ಈ ಲೆಕ್ಕ ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಕೆನಡಾದಲ್ಲಿ ಬೇಸಿಗೆಯೇ ಕ್ಲಬ್ಬಿನ ಹಂಗಾಮು. ಸದಸ್ಯರೂ ಹಾರಬಯಸುವುದು ಆಗಲೇ. ವಿಮಾನವೆಲ್ಲ ಕೆಡೆಟ್‌ಗಳಿಗೆ ಮೀಸಲಾದರೆ ವರ್ಷವಿಡೀ ಬರುವ ಚಿಲ್ಲರೆ ಗಿರಾಕಿ ಮುನಿಸಿಕೊಂಡು ಬೇರೆಡೆ ಹೋದಾನು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಳ್ಳುವ ಅಪಾಯವೂ ಸಣ್ಣದಲ್ಲ. 2020ರಲ್ಲಿ ಕೋವಿಡ್ ಕಾರಣ ಕೆಡೆಟ್‌ಗಳ ಬೇಸಿಗೆ ತರಬೇತಿ ರದ್ದಾಯಿತು. ಆ ಆದಾಯವನ್ನೇ ನಂಬಿ ಸಾಲದಲ್ಲಿ ವಿಮಾನ ಕೊಂಡ ಕ್ಲಬ್ಬಿದ್ದರೆ ಅದರ ಪಾಡನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಈ ವಿಷಯ ಬೆಂಗಳೂರಿಗೆ ಅಪರಿಚಿತವೇನಲ್ಲ. 1958ರಲ್ಲಿ ಮೊದಲು ಹಾರಿದ ಎಚ್‌ಎಎಲ್‌ನ ಎರಡು ಆಸನಗಳ ‘ಪುಷ್ಪಕ್’ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ತಯಾರಾದುದು. ಇಂದು ಎನ್‌ಸಿಸಿ ವಾಯು ವಿಭಾಗವು ಮೈಕ್ರೋಲೈಟ್‌ಗಳಲ್ಲಿ ಕೆಡೆಟ್‌ಗಳಿಗೆ ಹಾರಾಟದ ಅನುಭವ ನೀಡುತ್ತದೆ. ಅಲ್ಲಿಂದ ಪರವಾನಗಿಯವರೆಗಿನ ವೆಚ್ಚ ಮನೆಯವರದು. ಊರಿನ ಉದ್ಯಮಿಗಳು ಕೂಡಿ ಕ್ಲಬ್ಬೊಂದರಿಂದ ಕೆಲವು ಕೆಡೆಟ್‌ಗಳಿಗಾಗಿ ಗಂಟೆಗಳನ್ನು ಕೊಳ್ಳುವುದಾದರೆ ಕರಾರಿನಲ್ಲಿ ಕನಿಷ್ಠ ಗಂಟೆಗಳು, ಮುಂಗಡ ಹಣ, ರದ್ದತಿಯ ಪರಿಹಾರ ಸ್ಪಷ್ಟವಾಗಿರಬೇಕು. ಮೋಡ ಕವಿದು ಹಾರಲಾಗದ ದಿನಗಳ ನಷ್ಟ ಯಾರ ಪಾಲಿಗೆ ಎಂಬುದನ್ನೂ ಸಹಿಗೆ ಮುನ್ನವೇ ಬರೆದುಕೊಳ್ಳತಕ್ಕದ್ದು.