ಯೆರೆಮೀಯನ ಕಾಗದವನ್ನು ಪೂರ್ತಿ ಓದು

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳೋಣವೆಂದರೆ ನೀನು "ಆಮೇಲೆ ಮಾಡ್ತೇನೆ ದೊಡ್ಡಮ್ಮ" ಎಂದು ಇಟ್ಟುಬಿಡುತ್ತಿ. ನಿನ್ನ ಓರಗೆಯ ಇನ್ನೂ ಕೆಲವರು ಸಭೆಯಲ್ಲಿ ಇದೇ ಅವಸ್ಥೆಯಲ್ಲಿದ್ದಾರೆ. ಹಾಗಾಗಿ ನಾಲ್ಕು ಜನ ಓದುವ ಹಾಗೆಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಹೆದರಬೇಡ.

ಬೆಂಗಳೂರಿನಲ್ಲಿ ಏನಾಯಿತು, ಆ ಹುಡುಗನ ಮನೆಯವರು ಏನೆಂದರು, ಅದನ್ನು ಇಲ್ಲಿ ಕೆದಕುವುದಿಲ್ಲ. ನನಗೆ ಕಿರಿಕಿರಿಯಾದದ್ದು ಬೇರೆ. ಮನೆ ಹತ್ತಿರದ ಶಾಲೆಯಲ್ಲಿ ಕೆಲಸವಿದೆ ಎಂದರೆ, ದೇವರ ಉದ್ದೇಶ ಏನೆಂದು ತಿಳಿಯುವವರೆಗೆ ಯಾವುದಕ್ಕೂ ಕೈ ಹಾಕುವುದಿಲ್ಲ ಎಂದೆಯಂತೆ. ನಡುರಾತ್ರಿಯವರೆಗೆ ಯೂಟ್ಯೂಬಿನಲ್ಲಿ ಪ್ರವಾದನೆ ಕೇಳುವುದು, ಮೂರು ತಿಂಗಳಲ್ಲಿ ಬಾಗಿಲು ತೆರೆಯುತ್ತದೆ ಎಂದವರಿಗೆಲ್ಲ ಆಮೆನ್ ಟೈಪ್ ಮಾಡುವುದು. ನಿನ್ನ ಅಮ್ಮ ಇದನ್ನೆಲ್ಲ ಅಳುತ್ತ ಹೇಳಿದಳು.

ನಿನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿದ್ದರು ಎಂಬುದಷ್ಟೇ ನಿನಗೆ ಗೊತ್ತು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಸಭೆಗೆ ಸೇರಿದ ಎಷ್ಟೋ ಜನರಿಗೆ ನೆಂಟರೂ ಹೋದರು, ಕುಲಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಹೊಳೆಬದಿಯಲ್ಲಿ ಬೇರೆಯವರ ಕಾರ್ಖಾನೆಗಳೂ ಎದ್ದವು. ಅಂಥದ್ದೊಂದರಲ್ಲಿ ನನ್ನ ಅಪ್ಪನಿಗೆ, ಅಂದರೆ ನಿನ್ನ ಅಜ್ಜನಿಗೆ, ಭಟ್ಟಿಯ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೂ ಕೆಂಪು ಧೂಳು. ಶನಿವಾರ ಮಾತ್ರ ಉಜ್ಜಿ ಉಜ್ಜಿ ಮೀಯುತ್ತಿದ್ದರು, ಮರುದಿನ ಆರಾಧನೆಗೆ ಬಿಳಿ ಅಂಗಿ ಹಾಕಬೇಕಲ್ಲ.

ನಾನು ಪಿಯುಸಿಯಲ್ಲಿದ್ದಾಗ ಕಾರ್ಖಾನೆ ಮುಚ್ಚಿತು. ಒಂದು ದಿನ ಗೇಟಿಗೆ ಬೀಗ, ಅಷ್ಟೇ. ಆ ವಾರ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟವಿತ್ತು. ಬಂದ ಪ್ರಸಂಗಿಯೊಬ್ಬರು, ಹೆಂಚು ಭಟ್ಟಿಯಲ್ಲಿ ಬೆಂದು ಗಟ್ಟಿಯಾಗುವಂತೆ ದೇವರು ತನ್ನ ಮಕ್ಕಳನ್ನು ಬೇಯಿಸುತ್ತಾನೆ ಎಂದು ಬಹಳ ಚೆನ್ನಾಗಿ ಹೇಳಿದರು. ಎಲ್ಲರೂ ತಲೆದೂಗಿದರು. ಅಪ್ಪ ಮಾತ್ರ ಎಲ್ಲರಿಗೂ ಚಹಾ ಆದ ಮೇಲೆ, "ಅಯ್ಯನವರೇ, ಭಟ್ಟಿಗೆ ಹೋದದ್ದೆಲ್ಲ ಗಟ್ಟಿಯಾಗಿ ಬರುವುದಿಲ್ಲ. ಸೀಳಿದ್ದು, ಸೊಟ್ಟಗಾದದ್ದು ತುಂಬ ಇರ್ತದೆ. ಅದನ್ನು ಹಿಂದುಗಡೆ ರಾಶಿ ಹಾಕ್ತೇವೆ, ಗುಂಡಿ ಮುಚ್ಚಲಿಕ್ಕೆ ಲಾರಿಯವರು ಒಯ್ತಾರೆ" ಎಂದರು. ಅಮ್ಮ ಒಳಗಿನಿಂದ ಕೆಮ್ಮಿದಳು. ಪ್ರಸಂಗಿಗಳು ಚಹಾದ ಗ್ಲಾಸು ಕೆಳಗಿಟ್ಟು ಗಡಿಯಾರ ನೋಡಿದರು.

ಅಪ್ಪನಿಗೆ ದೇವರ ಮೇಲೆ ಸಿಟ್ಟಿತ್ತು, ಆದರೆ ಒಂದು ಭಾನುವಾರವೂ ಆರಾಧನೆ ತಪ್ಪಿಸಲಿಲ್ಲ. ಗೀತೆಗೆ ಎದ್ದು ನಿಲ್ಲುವುದು, ಬಾಯಿ ತೆರೆಯದಿರುವುದು. ರಾತ್ರಿ ಸತ್ಯವೇದ ತೆಗೆದರೆ 88ನೇ ಕೀರ್ತನೆ. ನೀನೂ ಓದಿ ನೋಡು. ಬೇರೆ ಹೆಚ್ಚಿನ ಗೋಳಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಸ್ತುತಿ ಬರುತ್ತದೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ, ಯಾರೂ ಅದಕ್ಕೊಂದು ಸಮಾಧಾನದ ಬಾಲ ಅಂಟಿಸಿಲ್ಲ. ಅದೂ ಪ್ರಾರ್ಥನೆಯೇ. ಹಾಗಾಗಿ ನೀನು ಅಳುತ್ತಿ, ದೇವರೊಡನೆ ಜಗಳವಾಡುತ್ತಿ ಎಂಬುದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಕೈಕಟ್ಟಿ ಕೂತದ್ದಕ್ಕೆ. ಅಪ್ಪನೂ ಮೊದಮೊದಲು ದಿನಾ ಬೆಳಿಗ್ಗೆ ಆ ಗೇಟಿನವರೆಗೆ ಹೋಗಿ ಬರುತ್ತಿದ್ದರು, ದೇವರು ತೆರೆಸುತ್ತಾನೆ ಎಂದು. ಅಷ್ಟರಲ್ಲಿ ಅಮ್ಮ ತಡ್ಪೆ ಹಿಡಿದು ಬೀಡಿ ಕಟ್ಟಲು ಕೂತಾಗಿತ್ತು. ರಾತ್ರಿ ಎಲೆ ನೆನೆಹಾಕುವುದು, ಬೆಳಿಗ್ಗೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಿ ನೂಲು ಬಿಗಿಯುವುದು. ಬೀಡಿ ಕಂಪನಿಯ ಬ್ರಾಂಚಿನವರು ಕಟ್ಟಿನಿಂದ ಒಂದಷ್ಟು ತೆಗೆದು ಬಿಸಾಡಿದರೆ ಅವಳು ತುಟಿ ಕಚ್ಚಿ ಉಳಿದದ್ದರ ಲೆಕ್ಕ ಬರೆಸುತ್ತಿದ್ದಳು. ಸಭೆಯ ಒಬ್ಬಿಬ್ಬರಿಗೆ ಕ್ರೈಸ್ತರ ಮನೆಯಲ್ಲಿ ಹೊಗೆಸೊಪ್ಪು ಬಂದದ್ದೇ ದೊಡ್ಡ ಪಾಪವಾಗಿ ಕಂಡಿತು. ಅವರ್‍ಯಾರೂ ಅಕ್ಕಿ ತಂದುಕೊಡಲಿಲ್ಲ. ಕಡೆಗೆ ಅಪ್ಪನೂ ಗೇರುಬೀಜದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲಿಗೆ ಸೇರಿದರು.

ಆ ಕಷ್ಟದಿಂದಲೇ ನಾನು ಟೀಚರಾದೆ, ಅದೇ ದೇವರ ಉದ್ದೇಶವಾಗಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಹಾಗಾದರೆ ನಿನ್ನ ಮಾವ? ಅವನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲಿಗೆ ಸೇರಿದವನು ಮತ್ತೆ ಪುಸ್ತಕ ಮುಟ್ಟಲಿಲ್ಲ. ನನ್ನ ಸಂಬಳಕ್ಕಾಗಿ ದೇವರು ಅವನ ಓದು ಕಿತ್ತುಕೊಂಡನೇ? ಜನ ಕಾಂಕ್ರೀಟು ತಾರಸಿಗೆ ಹೋದರು, ಮಣ್ಣು ಮತ್ತು ಸೌದೆ ತುಟ್ಟಿಯಾದವು, ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅದರ ಹಿಂದೆ ದೇವರ ಲೆಕ್ಕ ಏನೋ, ನನಗೆ ಇವತ್ತಿಗೂ ತಿಳಿಯದು. ಯೋಬನಿಗೂ ತಿಳಿಸಲಿಲ್ಲ. ಸೈತಾನ ಪರಲೋಕಕ್ಕೆ ಬಂದು ಏನು ಕೇಳಿದನೆಂದು ಓದುವ ನಮಗೆ ಗೊತ್ತು. ಹುಣ್ಣು ಕೆರೆದುಕೊಂಡು ಬೂದಿಯಲ್ಲಿ ಕೂತವನಿಗೆ ಪುಸ್ತಕ ಮುಗಿಯುವವರೆಗೂ ಗೊತ್ತಾಗಲಿಲ್ಲ. ಹಾಗಿದ್ದೂ ನಾನು ನಂಬುತ್ತೇನೆ. ಉದ್ದೇಶ ಆತನದು. ಅದನ್ನು ಮೊದಲು ನನಗೆ ತೋರಿಸಿ, ನನ್ನ ಒಪ್ಪಿಗೆ ಪಡೆದೇ ಮುಂದುವರಿಯಬೇಕೆಂದು ನಾನು ಯಾಕೆ ಹಟ ಹಿಡಿಯಲಿ?

ಹೊಸ ವರ್ಷದ ಮಧ್ಯರಾತ್ರಿ ಆರಾಧನೆಯಲ್ಲಿ ನೀನು ಎತ್ತಿದ ವಾಗ್ದಾನದ ಕಾರ್ಡು ಫ್ರಿಜ್ಜಿನ ಬಾಗಿಲಲ್ಲಿದೆಯಲ್ಲ, ಯೆರೆಮೀಯ 29:11. ದೇವರಿಗೆ ನಮ್ಮ ವಿಷಯದಲ್ಲಿ ಒಳ್ಳೆಯ ಯೋಚನೆಯಿದೆ ಎಂಬ ವಚನ. ಕಾರ್ಡಿನಲ್ಲಿ ಜಾಗ ಸಾಲದೆ ಬಿಟ್ಟದ್ದನ್ನೂ ಓದು ಮಾರಾಯ್ತಿ! ಬಾಬೆಲಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಬರೆದ ಕಾಗದ ಅದು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಓದಿಸಿಕೊಂಡವರಲ್ಲಿ ಹೆಚ್ಚಿನವರು ಅಲ್ಲೇ ಸಾಯುವವರು. ಅವರಿಗೆ ಯೆರೆಮೀಯ ಹೇಳಿದ ಕೆಲಸವೇನು? ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ನಿಮ್ಮನ್ನು ಒಯ್ದ ಆ ಊರಿಗಾಗಿಯೇ ಪ್ರಾರ್ಥಿಸಿ. ಅದಕ್ಕೂ ಮೊದಲಿನ ಅಧ್ಯಾಯದಲ್ಲಿ ಹನನ್ಯ ಎಂಬವನಿದ್ದಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಸಾರಿ, ಯೆರೆಮೀಯನ ಕೊರಳಿನ ನೊಗವನ್ನು ಜನರೆದುರು ಮುರಿದವನು. ಅವನ ಮಾತು ಸುಳ್ಳಾಯಿತು. ಅದೇ ವರ್ಷ ಅವನೂ ಸತ್ತ. ನಿನ್ನ ಯೂಟ್ಯೂಬಿನ ಮೂರು ತಿಂಗಳಿನವರು ಅವನ ಪೈಕಿಯೇ. ಕೊನೆಗೆ ಪರದೆಯ ಕೆಳಗೆ ಕಾಣಿಕೆಯ ನಂಬರು ಬರುತ್ತದಲ್ಲ, ಅದನ್ನೂ ಗಮನಿಸು.

ಶಾಲೆಗೆ ಸೇರು ಎಂದು ಒತ್ತಾಯಿಸಲಿಕ್ಕೆ ಬರೆದದ್ದಲ್ಲ. ನಿನ್ನ ಬಾಳು, ನಿನ್ನ ತೀರ್ಮಾನ. ಆದರೆ ಬೆಂಗಳೂರಿನ ಸಂಬಳ ನೋಡಿದವಳಿಗೆ ಇದು ಸಣ್ಣ ಕೆಲಸವೆಂಬ ನಾಚಿಕೆ ಇದ್ದರೆ ಅದನ್ನು ನಾಚಿಕೆ ಎಂದೇ ಕರೆ, ದೇವರ ಹೆಸರು ಅಂಟಿಸಬೇಡ. ಕೋಪ ಬಂದಿರಬಹುದು. ನಾನು ಮಾತಿನಲ್ಲಿ ಸ್ವಲ್ಪ ಖಾರ, ನಿನ್ನ ಅಮ್ಮನನ್ನು ಕೇಳು. ಕೆಲವು ದಿನ ಏಳಲಿಕ್ಕೇ ಆಗುವುದಿಲ್ಲ ಎಂಬುದೂ ಗೊತ್ತು ಮಗಳೇ. ಅಂಥ ದಿನ ಫೋನ್ ಮಾಡು, ಉಪದೇಶ ಮಾಡುವುದಿಲ್ಲ. ಬೇಕಿದ್ದರೆ ಬಸ್ಸು ಹತ್ತಿ ಬರುತ್ತೇನೆ, ಇಬ್ಬರೂ ಸುಮ್ಮನೆ ಕೂರುವ.

ಹೆಡ್ ಟೀಚರಿಗೆ ಸೋಮವಾರದೊಳಗೆ ಉತ್ತರ ಬೇಕಂತೆ. ನಿನ್ನನ್ನು ಕೇಳದೆಯೇ ನಾನು ಮಾತಾಡಿದ್ದೇನೆ. ಅರ್ಜಿಯ ಜೊತೆ ಎರಡು ಫೋಟೋ, ಡಿಗ್ರಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಇಡಬೇಕು. ಒರಿಜಿನಲ್ ಯಾರ ಕೈಗೂ ಕೊಡಬೇಡ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ